ರಾಜ್ಯೋತ್ಸವಕ್ಕೆ ಬರೋ ಮೇಯರ್

ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ. ಹಾಸನದ ಕಡೆಯವನು, ಲಂಡನ್ನಿನ ಹ್ಯಾಕ್ನಿಯಲ್ಲಿ ಹೊಸದಾಗಿ ಮನೆ ಮಾಡಿದ್ದಾನೆ. "ಅಕ್ಕಾ, ಈ ಸಲ ನಾವೂ ಸಣ್ಣದಾಗಿ ರಾಜ್ಯೋತ್ಸವ ಮಾಡ್ತಾ ಇದ್ದೀವಿ. ಮೇಯರನ್ನ ಕರೀಬೇಕು ಅಂತಿದೀವಿ. ನಿಮಗೆ ಗೊತ್ತಂತಲ್ಲ, ಹೇಗೆ ಕರೆಯೋದು?" ಎಂದ.

"ಯಾವ ಮೇಯರ್?" ಎಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. "ಅಂದ್ರೆ... ಎಷ್ಟು ಜನ ಇದ್ದಾರೆ?"

ಅವನನ್ನು ನೋಡಿ ನಗುವ ಹಾಗಿಲ್ಲ. ಏಳು ವರ್ಷದ ಹಿಂದೆ ನಾನೂ ಹಾಗೇ ಇದ್ದೆ. ನಾನು ಅರಸೀಕೆರೆಯವಳು. ಪಶ್ಚಿಮ ಲಂಡನ್ನಿನಲ್ಲಿ ನಮ್ಮದೊಂದು ನಲವತ್ತು ಮನೆಗಳ ಕನ್ನಡ ಗುಂಪಿದೆ, ಅದಕ್ಕೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡದೇನಲ್ಲ. ಹಾಲ್ ಬುಕ್ ಮಾಡುವುದು, ಪೇಪರ್ ತಟ್ಟೆ ತರುವುದು, ಮೈಕ್ ಕೈಕೊಟ್ಟರೆ ಬೈಸಿಕೊಳ್ಳುವುದು. ಇದರ ನಡುವೆ ಐದು ಜನ ಮೇಯರ್‌ಗಳನ್ನು ಕರೆದು, ಕೂರಿಸಿ, ಊಟ ಹಾಕಿ ಕಳಿಸಿದ್ದೇನೆ. ಆಗಬಹುದಾದ ತಪ್ಪುಗಳೆಲ್ಲ ಆಗಿವೆ. ನೀವು ಮತ್ತೆ ಅವನ್ನೇ ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾವ ಮೇಯರ್?

ಟೀವಿಯಲ್ಲಿ ಬರುವ ಸಾದಿಕ್ ಖಾನ್ ಅವರು ಇಡೀ ಲಂಡನ್ನಿನ ಮೇಯರ್. ಆ ಹುದ್ದೆ ಶುರುವಾದದ್ದೇ 2000ದಲ್ಲಿ. ಕೆನ್ ಲಿವಿಂಗ್‌ಸ್ಟನ್ ಮೊದಲನೆಯವರು, ಖಾನ್ ಅವರು ಬಂದದ್ದು 2016ರಲ್ಲಿ. ಬಸ್ಸು, ಟ್ಯೂಬು, ಪೊಲೀಸು ಎಲ್ಲ ಅವರ ತಲೆನೋವು. ನನ್ನ ಮೊದಲ ಪತ್ರ ಹೋಗಿದ್ದು ಅವರ ಕಚೇರಿಗೇ. "ನಮ್ಮ ಮಕ್ಕಳ ಕೋಲಾಟ ನೋಡಲು ದಯಮಾಡಿಸಬೇಕು" ಅಂತ ಒಂದು ಪುಟ ಬರೆದಿದ್ದೆ. ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಇನ್ನೊಬ್ಬರು ಲಾರ್ಡ್ ಮೇಯರ್. ಬ್ಯಾಂಕುಗಳೆಲ್ಲ ಇರುವ ಒಂದು ಚದರ ಮೈಲಿಯ ಹಳೇ ಸಿಟಿಗೆ ಅವರು ಮೇಯರ್. 1189ರ ಹೊತ್ತಿನ ಹೆನ್ರಿ ಫಿಟ್ಸ್-ಐಲ್ವಿನ್ ಅವರಿಂದ ಆ ಸಾಲು ಶುರು. ನವೆಂಬರಿನಲ್ಲಿ ಚಿನ್ನದ ಬಣ್ಣದ ಸಾರೋಟಿನಲ್ಲಿ ಅವರ ಮೆರವಣಿಗೆ ಹೋಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಚೆನ್ನಾಗಿರುತ್ತದೆ. ನಮ್ಮ ಕೆಲಸಕ್ಕೆ ಅವರಲ್ಲ.

ನಮಗೆ ಬೇಕಾದವರು ಬರೋ ಮೇಯರ್. ಈ ಹೆಸರು ಕೇಳಿದಾಗ ನಮ್ಮ ಯಜಮಾನರು, "ಬರೋ ಮೇಯರ್ ಯಾರು, ಬರದೇ ಇರೋ ಮೇಯರ್ ಯಾರು?" ಅಂದಿದ್ದರು. ಬರೋ ಅಂದರೆ ಹಳೇ ಇಂಗ್ಲಿಷಿನಲ್ಲಿ ಕೋಟೆ ಇರುವ ಊರು. ಎಡಿನ್‌ಬರೋದ ಬಾಲ, ಕ್ಯಾಂಟರ್‌ಬರಿಯ ಬಾಲ ಎರಡೂ ಅದೇ ಮಾತು, ನಮ್ಮ ಬಾಗಲಕೋಟೆಯ 'ಕೋಟೆ' ಇದ್ದ ಹಾಗೆ. ಮೇಯರ್ ಅನ್ನುವುದು ಲ್ಯಾಟಿನ್ನಿನ 'ಹಿರಿಯ' ಅನ್ನುವ ಪದದಿಂದ ಬಂದದ್ದು. ಅಂದರೆ ಊರಿನ ದೊಡ್ಡೋರು. ಈಗ ಬರೋ ಅಂದರೆ ತನ್ನದೇ ಕೌನ್ಸಿಲ್ ಇರುವ ಊರಿನ ಒಂದು ಭಾಗ, ಲಂಡನ್ನಿನಲ್ಲಿ ಇಂಥವು 32 ಇವೆ.

ಇಲ್ಲೊಂದು ತೊಡಕು ಇದೆ, ಹುಷಾರು. ಹೆಚ್ಚಿನ ಬರೋಗಳಲ್ಲಿ ಕೌನ್ಸಿಲರ್‌ಗಳೇ ತಮ್ಮಲ್ಲಿ ಒಬ್ಬರನ್ನು ಪ್ರತಿ ಮೇ ತಿಂಗಳಲ್ಲಿ ಒಂದು ವರ್ಷಕ್ಕೆ ಮೇಯರ್ ಮಾಡುತ್ತಾರೆ. ಹುದ್ದೆಯ ಗುರುತಾದ ದೊಡ್ಡ ಸರ ಹಾಕಿಕೊಂಡು ಬರುವವರು ಇವರು. ಆದರೆ 2000ದ ಕಾಯ್ದೆಯೊಂದು ಬಂದ ಮೇಲೆ ಕೆಲವು ಕಡೆ ಜನರೇ ನೇರವಾಗಿ ಓಟು ಹಾಕಿ ಮೇಯರನ್ನು ಆರಿಸಬಹುದಾಯಿತು. ಹ್ಯಾಕ್ನಿ, ನ್ಯೂಹ್ಯಾಮ್, ಲೂಯಿಶಮ್, ಟವರ್ ಹ್ಯಾಮ್ಲೆಟ್ಸ್, 2022ರಿಂದ ಕ್ರಾಯ್ಡನ್ ಹೀಗೆ. ಇವರು ನಿಜವಾದ ಅಧಿಕಾರ ನಡೆಸುವವರು, ಬಜೆಟ್ ಮಾಡುವವರು. ಇಂಥ ಕಡೆ ಸಭೆ ಸಮಾರಂಭಕ್ಕೆ ಬೇರೆಯವರು ಇರುತ್ತಾರೆ. ಹ್ಯಾಕ್ನಿಯಲ್ಲೂ ಟವರ್ ಹ್ಯಾಮ್ಲೆಟ್ಸ್‌ನಲ್ಲೂ ಅವರನ್ನು ಸ್ಪೀಕರ್ ಅನ್ನುತ್ತಾರೆ. ಕ್ರಾಯ್ಡನ್ನಿನಲ್ಲಿ ಸಿವಿಕ್ ಮೇಯರ್ ಅಂತ ಇನ್ನೊಬ್ಬರಿದ್ದಾರೆ. ಹಾಗಾಗಿ ನಮ್ಮ ಹಾಸನದ ಹುಡುಗ ಕರೆಯಬೇಕಾದ್ದು ಮೇಯರನ್ನಲ್ಲ, ಸ್ಪೀಕರನ್ನು. ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಅಧಿಕಾರ ಇಲ್ಲದವರನ್ನು ಯಾಕೆ ಕರೆಯಬೇಕು?

ಈ ಪ್ರಶ್ನೆ ನಮ್ಮ ಕಮಿಟಿಯಲ್ಲೂ ಬಂತು. ಬೆಂಗಳೂರಿನವರಿಗೆ ಇದು ಹೊಸದಲ್ಲ. 2020ರವರೆಗೆ ಅಲ್ಲೂ ಮೇಯರನ್ನು ಕಾರ್ಪೊರೇಟರ್‌ಗಳೇ ಒಂದು ವರ್ಷಕ್ಕೆ ಆರಿಸುತ್ತಿದ್ದರು. ಆಡಳಿತದ ಬೀಗದ ಕೈ ಇದ್ದದ್ದು ಕಮಿಷನರ್ ಹತ್ತಿರ. ಇಲ್ಲೂ ಹಾಗೇ. ಬೀಗದ ಕೈ ಇರುವುದು ಕೌನ್ಸಿಲಿನ ಲೀಡರ್ ಹತ್ತಿರ. ಮೇಯರ್ ಕೌನ್ಸಿಲ್ ಸಭೆ ನಡೆಸುತ್ತಾರೆ. ಓಟು ಸಮಸಮ ಬಂದರೆ ಇನ್ನೊಂದು ಓಟು ಹಾಕುತ್ತಾರೆ. ಆ ವರ್ಷ ಪಕ್ಷದ ಜಗಳದಿಂದ ದೂರ ಇರುತ್ತಾರೆ. ತಮಗೆ ಬೇಕಾದ ಒಂದೆರಡು ಸೇವಾ ಸಂಸ್ಥೆಗಳಿಗೆ ಹಣ ಎತ್ತುತ್ತಾರೆ. ಹೊಸದಾಗಿ ಬ್ರಿಟಿಷ್ ಪೌರತ್ವ ಪಡೆಯುವವರನ್ನು ಸ್ವಾಗತಿಸುತ್ತಾರೆ. ಈ ಸಮಾರಂಭ ಶುರುವಾದದ್ದು 2004ರಲ್ಲಿ, ಬ್ರೆಂಟ್ ಟೌನ್ ಹಾಲಿನಲ್ಲಿ. ನಾನೂ ಮೊದಲ ಸಲ ಮೇಯರನ್ನು ಹತ್ತಿರದಿಂದ ನೋಡಿದ್ದು ಅಂಥದ್ದೇ ಒಂದು ದಿನ, ಪ್ರಮಾಣ ಮಾಡಿ ಕೈ ಕುಲುಕಿದಾಗ.

ಹಾಗಾದರೂ ಕರೆಯಬೇಕು. ಅವರು ಬಂದರೆ ಈ ಊರು ನಮ್ಮ ಮನೆಗೆ ಬಂದ ಹಾಗೆ. ಇಷ್ಟು ವರ್ಷ ಇಲ್ಲಿದ್ದೂ ನಾವು ಬಾಡಿಗೆ ಹಾಲಿನಲ್ಲಿ ಬಾಗಿಲು ಹಾಕಿಕೊಂಡು ಹಬ್ಬ ಮಾಡುವ ಜನ. ಬಾಗಿಲು ತೆಗೆದು ಒಬ್ಬರನ್ನು ಒಳಗೆ ಕರೆಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಸ್ವಾಗತ ಭಾಷಣಕ್ಕೆ ಅಂತ ಒಂದಿಷ್ಟು ಓದಿದೆ. ಓದುತ್ತಾ ಹೋದರೆ ಇದು ಬರೀ ಸರ ಹಾಕಿಕೊಳ್ಳುವ ಹುದ್ದೆ ಅಲ್ಲ ಅನ್ನಿಸಿತು. 1835ರವರೆಗೆ ಇಂಗ್ಲೆಂಡಿನ ಎಷ್ಟೋ ಊರುಗಳ ಪುರಸಭೆ ನಾಲ್ಕಾರು ಮನೆತನಗಳ ಜಹಗೀರು. ಒಬ್ಬ ಸತ್ತರೆ ಉಳಿದವರು ಸೇರಿ ತಮಗೆ ಬೇಕಾದವನನ್ನು ತುಂಬಿಕೊಳ್ಳುತ್ತಿದ್ದರು. ಆ ವರ್ಷದ ಕಾಯ್ದೆ 178 ಊರುಗಳಲ್ಲಿ ಇದನ್ನು ನಿಲ್ಲಿಸಿ, ತೆರಿಗೆ ಕಟ್ಟುವವರು ಕೌನ್ಸಿಲ್ ಆರಿಸಲಿ, ಕೌನ್ಸಿಲ್ ಮೇಯರನ್ನು ಆರಿಸಲಿ ಎಂದಿತು. ಹಳೇ ಸಿಟಿ ಆಫ್ ಲಂಡನ್ ಮಾತ್ರ ನಾಜೂಕಾಗಿ ತಪ್ಪಿಸಿಕೊಂಡಿತು. ಲಂಡನ್ನಿನ ಉಳಿದ ಭಾಗಕ್ಕೆ ಬರೋಗಳು ಬಂದದ್ದು 1900ರಲ್ಲಿ, ಆಗ 28. ಈಗಿನ 32 ಆದದ್ದು 1965ರ ಏಪ್ರಿಲ್ 1ರಂದು.

ನನಗೆ ಇಷ್ಟವಾದದ್ದು ಪಾಪ್ಲರ್ ಕಥೆ. 1921. ಪೂರ್ವ ಲಂಡನ್ನಿನ ಬಡ ಬರೋ, ಎಲ್ಲಿ ನೋಡಿದರೂ ಕೆಲಸ ಇಲ್ಲದ ಜನ. ಇಡೀ ಲಂಡನ್ನಿನ ದೊಡ್ಡ ಕೌನ್ಸಿಲಿಗೆ ಕಟ್ಟಬೇಕಾದ ಹಣ ಕಟ್ಟುವುದಿಲ್ಲ, ಅದನ್ನು ನಮ್ಮ ಬಡವರಿಗೆ ಹಂಚುತ್ತೇವೆ ಅಂತ ಇಡೀ ಕೌನ್ಸಿಲ್ ಹಟ ಹಿಡಿಯಿತು. ಕೋರ್ಟಿಗೆ ಕರೆದರು. ಮೇಯರ್ ಸ್ಯಾಮ್ ಮಾರ್ಚ್ ಸರ ಹಾಕಿಕೊಂಡೇ, ಮುಂದೆ ಅಧಿಕಾರದ ದಂಡ ಹಿಡಿದವನನ್ನು ನಡೆಸಿಕೊಂಡು, ಮೆರವಣಿಗೆಯಲ್ಲಿ ಕೋರ್ಟಿಗೆ ಹೋದರು. 30 ಕೌನ್ಸಿಲರ್‌ಗಳು ಜೈಲಿಗೆ ಹೋದರು. ಹಿಂದಿನ ಮೇಯರ್ ಜಾರ್ಜ್ ಲ್ಯಾನ್ಸ್‌ಬರಿ ಕೂಡ ಅದರಲ್ಲಿದ್ದರು. ಜೈಲಿನೊಳಗೇ ಕೌನ್ಸಿಲ್ ಸಭೆ ನಡೆಯಿತು. ಹೆಂಗಸರ ಜೈಲಿನಿಂದ ಕೌನ್ಸಿಲರಮ್ಮಂದಿರನ್ನು ಅಲ್ಲಿಗೆ ಕರೆತರುತ್ತಿದ್ದರು. ಸುಮಾರು ಆರು ವಾರ ಆದ ಮೇಲೆ ಬಿಡಲೇಬೇಕಾಯಿತು. ಮರುವರ್ಷ ಬರ್ಮಂಡ್ಸಿಯಲ್ಲಿ ಏಡಾ ಸಾಲ್ಟರ್ ಮೇಯರ್ ಆದರು, ಲಂಡನ್ನಿನ ಮೊದಲ ಮಹಿಳಾ ಮೇಯರ್. ಅವರು ಸರ, ನಿಲುವಂಗಿ ಎರಡೂ ಬೇಡ ಎಂದರು. ಒಬ್ಬರು ಸರ ಹಾಕಿಕೊಂಡು ಹೇಳಿದರು, ಇನ್ನೊಬ್ಬರು ಹಾಕಿಕೊಳ್ಳದೆ ಹೇಳಿದರು.

ನಮ್ಮವರ ಕಥೆಯೂ ಇದೆ, ಭಾಷಣಕ್ಕೆ ಇದು ಚೆನ್ನಾಗಿ ಕೂರುತ್ತದೆ. ಚುನಿಲಾಲ್ ಕತಿಯಾಲ್ ಅಂತ ಪಂಜಾಬಿನ ಡಾಕ್ಟರು. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಇವರ ಮನೆಯಲ್ಲೇ. 1938ರಲ್ಲಿ ಫಿನ್ಸ್‌ಬರಿ ಬರೋದ ಮೇಯರ್ ಆದರು. ಬ್ರಿಟನ್ನಿನಲ್ಲಿ ನಮ್ಮ ಕಡೆಯವರು ಮೇಯರ್ ಆದದ್ದು ಅದೇ ಮೊದಲು. ಬಡವರಿಗೆ ಬಿಟ್ಟಿ ಚಿಕಿತ್ಸೆ ಕೊಡುವ ಫಿನ್ಸ್‌ಬರಿ ಹೆಲ್ತ್ ಸೆಂಟರ್ ಅದೇ ವರ್ಷ ಬಾಗಿಲು ತೆರೆಯಿತು, ಅದರ ಹಿಂದೆಯೂ ಇವರೇ. ಎಲ್ಲರಿಗೂ ಬಿಟ್ಟಿ ಚಿಕಿತ್ಸೆ ಕೊಡುವ ಸರ್ಕಾರಿ ವ್ಯವಸ್ಥೆ ಎನ್‌ಎಚ್‌ಎಸ್ ಬಂದದ್ದು ಅದಾಗಿ ಹತ್ತು ವರ್ಷಕ್ಕೆ.

ಇನ್ನು ಲ್ಯಾಂಬೆತ್. 2010ರಲ್ಲಿ ಅಲ್ಲಿ ಮೇಯರ್ ಆದವರು ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದರ ಬೆನ್ನು ಹತ್ತಿದವರು ಅವರೇ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದರು. ಅಷ್ಟು ಹೊತ್ತಿಗೆ ಪಾಟೀಲರು ಮೇಯರ್ ಸರ ಇಳಿಸಿ ನಾಲ್ಕು ವರ್ಷ ದಾಟಿತ್ತು. ಊರಿಂದ ಅಪ್ಪ ಅಮ್ಮ ಬಂದಾಗೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ, ಜಾಗಿಂಗ್ ಮಾಡುವವರು ಸುತ್ತಿಕೊಂಡು ಹೋಗುತ್ತಾರೆ.

ತಾರೀಖು

ಕರೆಯುವ ಕೆಲಸದಲ್ಲಿ ಅರ್ಧ ಭಾಗ ಕ್ಯಾಲೆಂಡರು. ಮೇಯರ್ ಬದಲಾಗುವುದು ಮೇ ತಿಂಗಳಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ನವೆಂಬರ್ 9ಕ್ಕೆ ಬದಲಾಗುತ್ತಿದ್ದರಂತೆ. ಈಗಲೂ ಹಾಗೇ ಇದ್ದಿದ್ದರೆ ನಮ್ಮ ರಾಜ್ಯೋತ್ಸವದ ಗತಿ ಏನು? ಜೂನ್‌ನಲ್ಲಿ ಹೊಸ ಮೇಯರ್ ಹೆಸರು ನೋಡಿಕೊಂಡು, ಆಗಸ್ಟ್ ರಜೆ ಮುಗಿಯುತ್ತಿದ್ದ ಹಾಗೆ ಪತ್ರ ಕಳಿಸಿಬಿಡಿ. ಆರು ವಾರಕ್ಕಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ. ನವೆಂಬರಿನಲ್ಲಿ ದೀಪಾವಳಿಯವರೂ ಅದೇ ಮೇಯರಿಗೆ ಕಾದಿರುತ್ತಾರೆ.

ನವೆಂಬರಿನ ಎರಡನೇ ಭಾನುವಾರ ಬೇಡವೇ ಬೇಡ. ನಾವು ಮೊದಲ ವರ್ಷ ಹಾಲ್ ಬುಕ್ ಮಾಡಿದ್ದು ಸರಿಯಾಗಿ ಅವತ್ತೇ, ಬೆಳಿಗ್ಗೆ ಹತ್ತೂವರೆಗೆ. ಅದು ರಿಮೆಂಬ್ರೆನ್ಸ್ ಸಂಡೇ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಹನ್ನೊಂದಕ್ಕೆ ದೇಶವೆಲ್ಲ ಎರಡು ನಿಮಿಷ ಮೌನ. ಮೇಯರ್ ಯುದ್ಧ ಸ್ಮಾರಕದ ಹತ್ತಿರ ಕೆಂಪು ಹೂವಿನ ಚಕ್ರ ಇಡುತ್ತಾ ಇರುತ್ತಾರೆ. ನಾವು ಆ ಹೊತ್ತಿಗೆ ಡೊಳ್ಳು ಬಾರಿಸುವ ಪ್ಲಾನಿನಲ್ಲಿದ್ದೆವು! ಹಾಲಿನ ಕೇರ್‌ಟೇಕರ್ ಅಜ್ಜ ನಯವಾಗಿ ಹೇಳಿದ್ದರಿಂದ ಮಾನ ಉಳಿಯಿತು.

ಯುಗಾದಿಗೆ ಕರೆಯುವವರು ಇನ್ನೊಂದು ನೋಡಿಕೊಳ್ಳಿ. ಬರೋ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. 2022, 2026, ಆಮೇಲೆ 2030. ಆ ವರ್ಷ ಮಾರ್ಚ್ ಕೊನೆಯಿಂದ ಕೌನ್ಸಿಲಿನವರು ಸಭೆ ಸಮಾರಂಭಕ್ಕೆ ಬರಲು ಹಿಂದೆ ಮುಂದೆ ನೋಡುತ್ತಾರೆ. ನಮ್ಮ ನೀತಿ ಸಂಹಿತೆ ಇದ್ದ ಹಾಗೆ ಅಂದುಕೊಳ್ಳಿ.

ಪತ್ರ, ಫಾರಂ

ಕೌನ್ಸಿಲಿನ ವೆಬ್‌ಸೈಟಿನಲ್ಲಿ 'ಮೇಯರ್' ಪುಟಕ್ಕೆ ಹೋದರೆ ಸಾಮಾನ್ಯವಾಗಿ ಒಂದು ಆಹ್ವಾನದ ಫಾರಂ ಇರುತ್ತದೆ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಬಿಡಬಹುದು, ಕಾರು ಎಲ್ಲಿ ನಿಲ್ಲಿಸಬೇಕು, ಬಾಗಿಲಲ್ಲಿ ಯಾರು ಎದುರುಗೊಳ್ಳುತ್ತಾರೆ, ಭಾಷಣ ಮಾಡಬೇಕಾ, ಬೇರೆ ಗಣ್ಯರು ಯಾರು ಅಂತ ಕೇಳುತ್ತಾರೆ. ಒಂದೂ ಖಾಲಿ ಬಿಡಬೇಡಿ. 'ಎದುರುಗೊಳ್ಳುವವರು' ಅನ್ನುವ ಜಾಗದಲ್ಲಿ ಕಮಿಟಿ ಅಂತ ಬರೆಯಬೇಡಿ, ಒಬ್ಬರ ಹೆಸರು, ಮೊಬೈಲ್ ನಂಬರ್ ಬರೆಯಿರಿ. ಕಮಿಟಿ ಅಂದರೆ ಯಾರೂ ನಿಂತಿರುವುದಿಲ್ಲ, ಗೊತ್ತಲ್ಲ?

ಟೈಮ್ ಬರೆಯುವಾಗ ಪ್ರಾಮಾಣಿಕವಾಗಿರಿ. ನಮ್ಮ ನಾಲ್ಕು ಗಂಟೆ ಐದು ಗಂಟೆ, ಅವರ ನಾಲ್ಕು ಗಂಟೆ ಮೂರು ಐವತ್ತೈದು. ನಾನು ಈಗ ನಮ್ಮವರಿಗೆ ಮೂರಕ್ಕೆ ಅಂತ ಹೇಳಿ, ಮೇಯರಿಗೆ ನಾಲ್ಕೂವರೆ ಕೊಡುತ್ತೇನೆ.

ಲಕೋಟೆಯ ಮೇಲೆ 'ದಿ ವರ್ಷಿಪ್‌ಫುಲ್ ದಿ ಮೇಯರ್ ಆಫ್' ಅಂತ ಹಾಕಿ ಬರೋ ಹೆಸರು ಬರೆಯಬೇಕು. ನಗಬೇಡಿ, ನಮ್ಮಲ್ಲೂ ಬೆಂಗಳೂರು ಪಾಲಿಕೆಯಲ್ಲಿ 'ಪೂಜ್ಯ ಮಹಾಪೌರರು' ಅಂತಲೇ ಅನ್ನುತ್ತಿದ್ದರು. ವರ್ಷಿಪ್ ಅಂದರೆ ಇಲ್ಲಿ ಪೂಜೆ ಅಲ್ಲ, ಹಳೇ ಇಂಗ್ಲಿಷಿನಲ್ಲಿ ಯೋಗ್ಯತೆ ಅಂತ ಅರ್ಥ. ಎದುರಿಗೆ ಸಿಕ್ಕಾಗ ಗಂಡಸಾದರೆ 'ಮಿಸ್ಟರ್ ಮೇಯರ್', ಹೆಂಗಸಾದರೆ 'ಮೇಡಮ್ ಮೇಯರ್', ಅಷ್ಟು ಸಾಕು. ಜೊತೆಗೆ ಹೆಂಡತಿ ಬಂದರೆ ಅವರು ಮೇಯರೆಸ್, ಗಂಡ ಬಂದರೆ ಕನ್ಸಾರ್ಟ್. ಮಗಳೋ ಸ್ನೇಹಿತರೋ ಆ ಜಾಗದಲ್ಲಿ ಇರಬಹುದು. ಒಂದು ಸಲ ಜೊತೆಯಲ್ಲಿ ಬಂದ ಹುಡುಗಿಯನ್ನು ನಾವು ಸೆಕ್ರೆಟರಿ ಅಂದುಕೊಂಡು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆವು. ಅವಳು ಮೇಯರ್ ಮಗಳು, ಆ ವರ್ಷದ ಕನ್ಸಾರ್ಟ್. ಪಾಪ, ಸುಮ್ನೆ ಕೂತಿದ್ದಳು.

ಅವತ್ತಿನ ದಿನ

ಮೊದಲ ಸಲದ ಚಿತ್ರ ಇನ್ನೂ ಕಣ್ಣಲ್ಲಿದೆ. ಹಾಲಿನ ಹಿಂದೆ, ಕಸದ ಡಬ್ಬಿಗಳ ಪಕ್ಕ ಕಪ್ಪು ಕಾರು ನಿಂತಿತು. ಓಡಿಸಿಕೊಂಡು ಬಂದ ಮೇಯರ್ ಅಟೆಂಡೆಂಟೇ ಇಳಿದು ಡಿಕ್ಕಿಯಿಂದ ಚಪ್ಪಟೆ ಪೆಟ್ಟಿಗೆಯೊಂದನ್ನು ತೆಗೆದರು. ಒಳಗೆ ನೀಲಿ ಮಖಮಲ್ಲು, ಅದರ ಮೇಲೆ ಸರ. ಬಿಳಿ ಗ್ಲೌಸ್ ಹಾಕಿಕೊಂಡು ಸರವನ್ನು ಎರಡೂ ಕೈಯಲ್ಲಿ ಎತ್ತಿ, ಮೇಯರಮ್ಮನ ಹೆಗಲ ಮೇಲೆ ಹೊದಿಸಿದ ಹಾಗೆ ಇಟ್ಟು, ಕೋಟಿನ ಭುಜಕ್ಕೆ ಕೊಕ್ಕೆ ಸಿಕ್ಕಿಸಿದರು. ಒಂದು ಹೆಜ್ಜೆ ಹಿಂದೆ ಸರಿದು, ಪದಕ ನಡುವಿಗೆ ಬಂತಾ ಅಂತ ನೋಡಿದರು. ಅಲಂಕಾರ ಮುಗಿಸಿ ದೇವರನ್ನು ಒಮ್ಮೆ ದೂರದಿಂದ ನೋಡುವ ನಮ್ಮೂರ ಅರ್ಚಕರ ಹಾಗೆ ಕಂಡರು. ನನ್ನ ಮಗ, "ಅಮ್ಮಾ, ಅಜ್ಜಿ ಸರಕ್ಕಿಂತ ದೊಡ್ಡದು" ಎಂದ.

ಆಮೇಲೆ ಎಡವಟ್ಟಾಯಿತು. ಸೌತಾಲ್‌ನಿಂದ ತಂದ ದೊಡ್ಡ ಗುಲಾಬಿ ಹಾರ ಹಾಕಿದೆವು. ಹಾರದ ತಂತಿ ಸರದ ಕೊಂಡಿಗೆ ಸಿಕ್ಕಿಹಾಕಿಕೊಂಡಿತು. ಅದರ ಮೇಲೆ ಶಾಲು. ತಲೆಗೆ ಮೈಸೂರು ಪೇಟ, ಅದು ಕಣ್ಣಿನ ತನಕ ಇಳಿಯಿತು. ವೇದಿಕೆಯ ಮೇಲೆ ನಾಲ್ಕು ಜನ ಸೇರಿ ಬಿಡಿಸುತ್ತಿದ್ದರೆ ಮೇಯರಮ್ಮ ಪೇಟದ ಕೆಳಗಿನಿಂದಲೇ ನಗುತ್ತಿದ್ದರು. ಅಟೆಂಡೆಂಟ್ ಮಾತ್ರ ನಗಲಿಲ್ಲ. ಅಂದಿನಿಂದ ಹಾರವನ್ನು ಕೈಗೆ ಕೊಡುತ್ತೇವೆ. ಪೇಟ ಎರಡು ಸೈಜಿನವು ತಂದಿಟ್ಟಿದ್ದೇವೆ. ಶಾಲು ಹೊದಿಸುವ ಮುಂಚೆ ಅಟೆಂಡೆಂಟ್ ಮುಖ ನೋಡಿ, ಅವರು ತಲೆ ಆಡಿಸಿದರೆ ಮಾತ್ರ ಮುಂದುವರಿಯಿರಿ.

ಭಾಷಣಕ್ಕೆ ಒಂದು ಚೀಟಿ ಮೊದಲೇ ಕಳಿಸಿ. ಒಬ್ಬ ಮೇಯರ್ "ಕೆನಡಾ ಸಮುದಾಯಕ್ಕೆ ಶುಭಾಶಯ" ಎಂದರು. ತಪ್ಪು ನಮ್ಮದು, ನಾವು ಹೇಳಿಕೊಟ್ಟಿರಲಿಲ್ಲ. ಈಗ ಚೀಟಿಯಲ್ಲಿ ಕನ್ನಡ ಅನ್ನುವುದನ್ನು ಹೇಗೆ ಹೇಳಬೇಕು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದದ್ದು, 1973ರಲ್ಲಿ ಕರ್ನಾಟಕ ಅಂತ ಹೆಸರಾದದ್ದು, ಬಾವುಟದ ಹಳದಿ ಕೆಂಪು, ಇಷ್ಟು ಬರೆಯುತ್ತೇನೆ. ಕೊನೆಗೆ 'ಎಲ್ಲರಿಗೂ ನಮಸ್ಕಾರ' ಅಂತ ಇಂಗ್ಲಿಷ್ ಅಕ್ಷರದಲ್ಲಿ. ಆ ಎರಡು ಪದ ಹೇಳಿದರೆ ಬೀಳುವ ಚಪ್ಪಾಳೆ ಇಡೀ ಭಾಷಣಕ್ಕೆ ಬೀಳುವುದಿಲ್ಲ. ನಾಡಗೀತೆಗೆ ಎರಡೂವರೆ ನಿಮಿಷ ನಿಲ್ಲಬೇಕು ಅಂತಲೂ ಹೇಳಿಟ್ಟಿರಿ. ಒಬ್ಬರಿಗೆ ಮಂಡಿ ನೋವಿತ್ತು.

ಮೇಯರ್ ಹತ್ತಿರ ಅಹವಾಲು ಬೇಡ. ನಮ್ಮ ಹಿರಿಯರೊಬ್ಬರು ಫಲತಾಂಬೂಲ ಕೊಡುವ ನೆಪದಲ್ಲಿ ಹೋಗಿ ಮನೆ ಮುಂದಿನ ಪಾರ್ಕಿಂಗ್ ದಂಡದ ಚೀಟಿ ತೆಗೆದು ತೋರಿಸಿದರು. ಮೇಯರ್ ಏನೂ ಮಾಡುವ ಹಾಗಿಲ್ಲ. ಅದಕ್ಕೆ ವಾರ್ಡ್ ಕೌನ್ಸಿಲರ್ ಇದ್ದಾರೆ, ಅವರಿಗೆ ಮೇಲ್ ಹಾಕಿ. ಬೇಕಾದರೆ ಅವರನ್ನೂ ಕರೆಯಿರಿ, ಕೆಲಸ ಆಗುವುದು ಅಲ್ಲಿಯೇ. ಬೆಲೆಬಾಳುವ ಉಡುಗೊರೆ ಕೊಟ್ಟರೆ ಅವರು ರಿಜಿಸ್ಟರಿನಲ್ಲಿ ಬರೆಸಬೇಕಾಗುತ್ತದೆ, ಸುಮ್ನೆ ಯಾಕೆ ಕಷ್ಟ. ಚನ್ನಪಟ್ಟಣದ ಗೊಂಬೆ, ಒಂದು ಮೈಸೂರು ಸ್ಯಾಂಡಲ್ ಸೋಪು ಸಾಕು. ಬಾಗಿಲ ಹತ್ತಿರ ಮೇಯರ್ ಆರಿಸಿಕೊಂಡ ಸೇವಾ ಸಂಸ್ಥೆಗೆ ಒಂದು ಡಬ್ಬಿ ಇಡಿ. ಎಷ್ಟು ಸೇರಿದರೂ ಅವರಿಗೆ ಅದರಷ್ಟು ಖುಷಿ ಇನ್ನೊಂದಿಲ್ಲ.

ಕೊನೆಗೆ ಊಟ. ಖಾರ ಕಡಿಮೆ ಮಾಡಿದ ಒಂದು ಪಾತ್ರೆ ಬೇರೆ ಇರಲಿ. ಮೇಯರ್ ಹೆಚ್ಚು ಹೊತ್ತು ಕೂರುವುದಿಲ್ಲ, ಅವತ್ತೇ ಇನ್ನೆರಡು ಕಡೆ ಹೋಗಬೇಕಿರುತ್ತದೆ. ಆದರೆ ಮೊದಲ ವರ್ಷ ನಾವು ಮೇಯರಿಗೆ ಬಾಳೆಎಲೆ ಹಾಕಿ ಬಡಿಸಿ, ಅಟೆಂಡೆಂಟನ್ನು ಮರೆತೇಬಿಟ್ಟೆವು. ಎರಡು ಗಂಟೆ ಗೋಡೆ ಪಕ್ಕ ನಿಂತಿದ್ದರು. ಹೊರಡುವಾಗ ನಮ್ಮತ್ತೆ ನೋಡಿ, "ಅಯ್ಯೋ, ಆ ಮನುಷ್ಯ ಏನೂ ತಿಂದಿಲ್ವಲ್ಲೇ" ಅಂತ ಕಾರಿನ ತನಕ ಓಡಿ ಒಂದು ಡಬ್ಬಿ ಕೈಗೆ ಕೊಟ್ಟರು.

ವಾರದೊಳಗೆ ಒಂದು ಧನ್ಯವಾದದ ಪತ್ರ, ಎರಡು ಒಳ್ಳೆಯ ಫೋಟೋ ಕಳಿಸಿ. ಅದರಲ್ಲಿ ಅಟೆಂಡೆಂಟ್ ಹೆಸರೂ ಇರಲಿ. ಮೇ ತಿಂಗಳಿಗೆ ಮೇಯರ್ ಬದಲಾಗುತ್ತಾರೆ, ಇವರು ಅಲ್ಲೇ ಇರುತ್ತಾರೆ. ಹೋದ ವರ್ಷ ಐದನೆಯ ಮೇಯರ್ ಜೊತೆಗೂ ಅವರೇ ಬಂದರು. ಪೆಟ್ಟಿಗೆ ತೆರೆಯುವ ಮೊದಲೇ ಅಡುಗೆಮನೆ ಕಡೆ ಕಣ್ಣು ಹಾಯಿಸಿ, "ಬಿಸಿಬೇಳೆ ಬಾತ್ ಇದೆ ತಾನೆ?" ಎಂದು ಕೇಳಿದರು. ಇತ್ತು. ಬೂಂದಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಟ್ಟೆ, ಮನೆ ಸೇರುವಷ್ಟರಲ್ಲಿ ಮೆತ್ತಗಾಗಬಾರದಲ್ಲ.